ನಿಧಾನ, ಆದರೆ ಎಳೆಯದೆ

ಸೆಲ್ಲೋ ಮೇಷ್ಟ್ರು ನಿಧಾನದ ಬಗ್ಗೆ ಮಾತಾಡಲು ಶುರುಮಾಡಿದರೆ ಅವರ ಮಾತಿನ ಓಟ ಹಿಡಿಯಲು ಯಾರ ಕೈಯಲ್ಲೂ ಆಗುತ್ತಿರಲಿಲ್ಲ. ಊಟಕ್ಕೆ ಕೂತರೆ ಎಲ್ಲರಿಗಿಂತ ಮೊದಲು ಕೈ ತೊಳೆಯುವವರು. ಬಸ್ಸು ಪೂರ್ತಿ ನಿಲ್ಲುವ ಮೊದಲೇ ಇಳಿಯುವವರು. ಕ್ಷೌರದಂಗಡಿಯಲ್ಲಿ ಸರದಿ ಕಾಯಲಾರದೆ, ಕಿವಿ ಮುಚ್ಚುವಷ್ಟು ಕೂದಲು ಬಿಟ್ಟುಕೊಂಡು ಓಡಾಡುವವರು. ಆದರೆ ಮೊಣಕಾಲುಗಳ ನಡುವೆ ಆ ದೊಡ್ಡ ವಾದ್ಯವನ್ನು ನಿಲ್ಲಿಸಿಕೊಂಡು ಕಮಾನು ಎತ್ತಿದರೋ, ಇಡೀ ಲೋಕ ತಮಗಾಗಿ ಕಾಯಬೇಕು ಎಂಬ ಠೀವಿ. ಸಂಗೀತ ಶಾಲೆಯ ಹುಡುಗರು ಬೆನ್ನ ಹಿಂದೆ ಅವರನ್ನು ಆಮೆ ಎಂದು ಕರೆಯುತ್ತಿದ್ದರು. ಅದು ಅವರ ಕಿವಿಗೂ ಬಿದ್ದಿತ್ತು. ಬೇರೆ ಯಾರಾದರೂ ಆಗಿದ್ದರೆ ಮುನಿಸಿಕೊಳ್ಳುತ್ತಿದ್ದರು, ಇವರು ಅದನ್ನು ಬಿರುದು ಮಾಡಿಕೊಂಡು ಎದೆಯುಬ್ಬಿಸಿದರು.

ಅವರದೊಂದು ನಾಲ್ವರ ತಂಡ. ಮೇಷ್ಟ್ರ ತಮ್ಮ ಮೊದಲ ಪಿಟೀಲು. ಅವನು ಡ್ರೈಕ್ಲೀನಿಂಗ್ ಅಂಗಡಿ ಇಟ್ಟುಕೊಂಡಿದ್ದ, ತಂಡದ ಅಭ್ಯಾಸವೆಲ್ಲ ಆ ಅಂಗಡಿಯ ಹಿಂದಿನ ಕೋಣೆಯಲ್ಲಿ, ಪ್ಲಾಸ್ಟಿಕ್ ಚೀಲ ತೊಟ್ಟು ನೇತಾಡುವ ಕೋಟುಗಳ ನಡುವೆ. ತಮ್ಮನ ಹೆಂಡತಿ ಎರಡನೇ ಪಿಟೀಲು. ಅವಳು ಶಾಲೆಯಲ್ಲಿ ಗಣಿತ ಹೇಳುವವಳು, ಮಾತು ಕಡಿಮೆ, ಆಡಿದರೆ ಖಡಕ್ಕು. ಪಿಟೀಲಿಗಿಂತ ಒಂದು ಸುತ್ತು ದೊಡ್ಡದಾದ ವಿಯೋಲಾ ನುಡಿಸುತ್ತಿದ್ದವರು ಒಬ್ಬ ಹಲ್ಲಿನ ಡಾಕ್ಟರು. ನಾಲ್ಕನೆಯವರೇ ಮೇಷ್ಟ್ರು. ವರ್ಷಕ್ಕೊಮ್ಮೆ ಲೈಬ್ರರಿಯ ಮೇಲಿನ ಸಭಾಂಗಣದಲ್ಲಿ ಕಾರ್ಯಕ್ರಮ. ಕುರ್ಚಿಗಳು ತುಂಬುತ್ತಿದ್ದವು, ಅದರಲ್ಲಿ ಅರ್ಧ ಜನ ಒಂದೇ ಒಂದು ಕೃತಿಗಾಗಿ ಬರುತ್ತಿದ್ದರು.

ಎಂದೋ ಸತ್ತುಹೋದ, ಬದುಕಿದ್ದಾಗ ಯಾರೂ ಮೂಸಿನೋಡದ ಒಬ್ಬ ಸಂಗೀತಗಾರ ಬರೆದಿಟ್ಟ ನಿಧಾನಗತಿಯ ಕೃತಿ ಅದು. ಅದರ ಶ್ರುತಿಯೇ ಒಂದು ಶಿಕ್ಷೆ. ಆರು ಸ್ವರಗಳನ್ನು ಅರ್ಧರ್ಧ ಮೆಟ್ಟಿಲು ಕೆಳಗಿಳಿಸಿ ಕಟ್ಟಿದ್ದು, ಸೆಲ್ಲೋದ ನಾಲ್ಕು ತಂತಿಗಳಲ್ಲಿ ಒಂದನ್ನೂ ಬೆರಳಿಡದೆ ಖಾಲಿ ನುಡಿಸುವ ಹಾಗಿಲ್ಲ. ಎಡಗೈಗೆ ಒಂದು ಕ್ಷಣದ ವಿಶ್ರಾಂತಿಯಿಲ್ಲ. ಹಾಗಾಗಿಯೇ ಅದರ ದನಿಯಲ್ಲೊಂದು ಮಬ್ಬು. ಪಕ್ಕದ ಕೋಣೆಯಲ್ಲಿ ಯಾರೋ ಬಾಗಿಲು ಹಾಕಿಕೊಂಡು ಅಳುತ್ತಿದ್ದಾರೆ, ಬಾಗಿಲು ಬಡಿಯಲೋ ಬೇಡವೋ ತಿಳಿಯದೆ ನೀವು ಹೊರಗೆ ನಿಂತಿದ್ದೀರಿ, ಹಾಗೆ. ಅಳು ಜೋರಾಗುವುದೂ ಇಲ್ಲ, ನಿಲ್ಲುವುದೂ ಇಲ್ಲ. ನಡುವೆ ಒಂದೇ ಒಂದು ಕಡೆ ಸೆಲ್ಲೋ ಮತ್ತು ವಿಯೋಲಾ ಕೈಕೈ ಹಿಡಿದು ಸರಸರನೆ ಮೇಲೇರುತ್ತವೆ, ಇನ್ನೇನು ಬಾಗಿಲು ತೆರೆಯಿತು ಅನ್ನಿಸಿ ಮತ್ತೆ ಕೆಳಗಿಳಿದುಬಿಡುತ್ತವೆ. ಹಾಳೆಯ ತಲೆಯಲ್ಲಿ ಆ ಪುಣ್ಯಾತ್ಮ ಬರೆದಿದ್ದ: ನಿಧಾನ, ದುಃಖದಿಂದ, ಆದರೆ ಎಳೆಯದೆ.

"ಎಳೆಯಬೇಡಿ ಅಂದ್ರೆ ಅವಸರ ಮಾಡಿ ಅಂತ ಅರ್ಥ ಅಲ್ಲ ಕಣ್ರಯ್ಯಾ," ಎನ್ನುತ್ತಿದ್ದರು ಮೇಷ್ಟ್ರು ತರಗತಿಯಲ್ಲಿ. "ಕುಂಟಬೇಡಿ ಅಂತ. ದುಃಖಕ್ಕೆ ಯಾರಾದ್ರೂ ಗಡಿಯಾರ ಇಡ್ತಾರಾ?" ಟಿಕ್ ಟಿಕ್ ಎಂದು ಕಾಲ ತೋರಿಸುವ ಶಾಲೆಯ ಯಂತ್ರವನ್ನು ಅವರು ಮೇಜಿನ ಡ್ರಾಯರಿನಲ್ಲಿ ಹಾಕಿ ಬೀಗ ಜಡಿದಿದ್ದರು.

ಹಾಗೆಂದು ಮೊದಲಿನಿಂದಲೂ ಅವರು ಇಷ್ಟು ನಿಧಾನದವರಲ್ಲ. ಎಳೆಯ ವಯಸ್ಸಿನಲ್ಲಿ ಎಲ್ಲರ ಹಾಗೆ ಬರೆದ ಗತಿಯಲ್ಲೇ ನುಡಿಸುತ್ತಿದ್ದರು. ಒಂದು ಚಳಿಗಾಲ ಎಡಗೈಯ ಕಿರುಬೆರಳು ಯಾಕೋ ಬಿಗಿಯಾಯಿತು. ಚಳಿ ಅಂದುಕೊಂಡರು. ಬೇಸಿಗೆ ಬಂತು, ಬಿಗಿ ಹೋಗಲಿಲ್ಲ. ವಯಸ್ಸಾಯಿತಲ್ಲ ಅಂದುಕೊಂಡು ಎಣ್ಣೆ ತಿಕ್ಕಿ ಸುಮ್ಮನಾದರು. ಅದೇ ಹೊತ್ತಿಗೆ ಒಂದು ದಿನ ಅಭ್ಯಾಸದಲ್ಲಿ ಆ ಕೃತಿಯನ್ನು ತಮ್ಮ ಎಂದಿಗಿಂತ ತುಸು ನಿಧಾನವಾಗಿ ಎತ್ತಿಕೊಂಡ. ಮೇಷ್ಟ್ರಿಗೆ ಸ್ವರ್ಗ ಸಿಕ್ಕಂತಾಯಿತು. ಆ ಮೇಲೇರುವ ಭಾಗದಲ್ಲಿ ಒಂದು ಸ್ವರವೂ ಕೈತಪ್ಪಲಿಲ್ಲ. "ನೋಡಿದ್ಯೇನೋ, ಈಗ ನಿನಗೆ ಬುದ್ಧಿ ಬಂತು," ಎಂದು ತಮ್ಮನ ಬೆನ್ನು ತಟ್ಟಿದರು. ತಮ್ಮ ಹೂಂ ಅಂದು ಪಿಟೀಲು ಒರೆಸತೊಡಗಿದ.

ಮರುವರ್ಷ ಇನ್ನೂ ತುಸು ನಿಧಾನ. ಅದರ ಮರುವರ್ಷ ಇನ್ನೂ ತುಸು. ಸಭಾಂಗಣದಲ್ಲಿ ಹೆಂಗಸರು ಕಣ್ಣೊರೆಸಿಕೊಂಡರು. ಪತ್ರಿಕೆಯಲ್ಲಿ ಒಬ್ಬ ಮಹಾಶಯ ಇಂಥ ಆಳವನ್ನು ತಾನು ಬೇರೆಲ್ಲೂ ಕಂಡಿಲ್ಲವೆಂದು ಬರೆದ. ಸಾಲದ್ದಕ್ಕೆ ಆ ಆಳದ ಮೂಲ ಸೆಲ್ಲೋ ಎಂದೂ ಸೇರಿಸಿದ. ಅಲ್ಲಿಂದಾಚೆಗೆ ಮೇಷ್ಟ್ರನ್ನು ಹಿಡಿಯುವವರೇ ಇಲ್ಲ. ನಾದಿನಿ, ಅಂದರೆ ತಮ್ಮನ ಹೆಂಡತಿ, ಮಾತ್ರ ಪ್ರತಿ ಕಾರ್ಯಕ್ರಮದ ನಂತರ ಬಲಭುಜ ಹಿಡಿದುಕೊಂಡು ಕೂರುತ್ತಿದ್ದಳು. ಅಷ್ಟು ನಿಧಾನಕ್ಕೆ ಕಮಾನಿನ ಉದ್ದ ಸಾಲುವುದಿಲ್ಲ, ಒಂದೊಂದು ಸ್ವರವನ್ನೂ ಉಸಿರು ಬಿಗಿಹಿಡಿದು ಎಳೆಯಬೇಕು. "ತಪಸ್ಸಮ್ಮಾ ಇದು, ಸುಮ್ನೆ ಬರುತ್ತಾ?" ಎಂದು ಮೇಷ್ಟ್ರು ಅವಳಿಗೂ ಬುದ್ಧಿ ಹೇಳಿದ್ದರು.

ಮೇಷ್ಟ್ರಿಗೆ ಒಬ್ಬಳೇ ಮಗಳು. ಹೆಂಡತಿ ಬೇಗ ತೀರಿಕೊಂಡಿದ್ದರಿಂದ ಅವಳನ್ನು ತಾವೇ ಸಾಕಿ ಬೆಳೆಸಿದರು. ಆ ವಿಷಯದಲ್ಲಿ ಅವರನ್ನು ಆಡಿಕೊಳ್ಳುವಂತಿಲ್ಲ. ಜಡೆ ಹೆಣೆಯಲು ಕಲಿತರು, ಜ್ವರ ಬಂದರೆ ಹಾಸಿಗೆಯ ಪಕ್ಕ ಬಿಟ್ಟು ಕದಲುತ್ತಿರಲಿಲ್ಲ, ತೊಡೆಯ ಮೇಲೆ ಕೂರಿಸಿಕೊಂಡು ಸೆಲ್ಲೋ ಹಿಡಿಸಿದರು. ಹುಡುಗಿಯ ಕೈ ಅಪ್ಪನ ಕೈಗಿಂತ ಚೆನ್ನಾಗಿತ್ತು. ಅದು ಅಪ್ಪನಿಗೂ ಗೊತ್ತಿತ್ತು, ಹೆಮ್ಮೆಯೂ ಇತ್ತು, ಹೆಮ್ಮೆಯ ಕೆಳಗೆ ಇನ್ನೇನೋ ಒಂದು ಚುಚ್ಚುತ್ತಲೂ ಇತ್ತು. ಓದು ಮುಗಿಸಿದ ವರ್ಷ ಸಂಗೀತ ಶಾಲೆಯಲ್ಲಿ ಸೆಲ್ಲೋ ಹೇಳಿಕೊಡುವ ಇನ್ನೊಂದು ಹುದ್ದೆ ಖಾಲಿಯಾಯಿತು. ಅವಳು ಅರ್ಜಿ ಹಾಕಿದಳು. ಪರೀಕ್ಷೆ ಮಾಡುವ ಮೂವರಲ್ಲಿ ಮೇಷ್ಟ್ರೂ ಒಬ್ಬರು. ಇವಳು ನನ್ನ ಮಗಳು, ಪರೀಕ್ಷೆಗೆ ನಾನು ಕೂರುವುದಿಲ್ಲ ಎಂದು ಅವರು ಹೇಳಬಹುದಿತ್ತು. ಹೇಳಲಿಲ್ಲ. ಸ್ವಂತ ಮಗಳೆಂದು ಮುಲಾಜು ನೋಡದ ಮನುಷ್ಯ ಎಂದು ನಾಲ್ಕು ಜನ ಹೇಳಬೇಕಿತ್ತು ಅವರಿಗೆ.

ಅವಳು ಆ ಕೃತಿಯನ್ನೇ ಆರಿಸಿಕೊಂಡಳು. ನಿಧಾನವಾಗಿಯೇ ನುಡಿಸಿದಳು, ಆದರೆ ಹಾಳೆಯಲ್ಲಿ ಬರೆದಷ್ಟು ನಿಧಾನ. ಮೇಲೇರುವ ಭಾಗದಲ್ಲಿ ಅವಳ ಬೆರಳುಗಳು ಬೆಣ್ಣೆಯ ಮೇಲೆ ಓಡಿದಂತೆ ಓಡಿದವು. ಮಿಕ್ಕ ಇಬ್ಬರು ಪರೀಕ್ಷಕರು ತಲೆದೂಗಿ ಮೇಷ್ಟ್ರ ಮುಖ ನೋಡಿದರು. ಮೇಷ್ಟ್ರು ಪೆನ್ನಿನ ಮುಚ್ಚಳ ಹಾಕಿ, ಮಗಳಿಗೂ ಕೇಳುವ ಹಾಗೆ ಹೇಳಿದರು: "ಬೆರಳಿದೆ. ಎದೆ ಇಲ್ಲ."

ಹುದ್ದೆ ಬೇರೊಬ್ಬನಿಗೆ ಹೋಯಿತು. ಮಗಳು ಜಗಳ ಆಡಲಿಲ್ಲ, ಅಳಲಿಲ್ಲ. ಸೆಲ್ಲೋವನ್ನು ಪೆಟ್ಟಿಗೆಯಲ್ಲಿಟ್ಟು ಅಪ್ಪನ ಮನೆಯ ಕಪಾಟಿನ ಹಿಂದೆ ನಿಲ್ಲಿಸಿ, ಪೇಟೆಯಲ್ಲಿ ಒಂದು ಕನ್ನಡಕದಂಗಡಿಯಲ್ಲಿ ಕೆಲಸಕ್ಕೆ ಸೇರಿ, ಬೇರೆ ಮನೆ ಮಾಡಿದಳು. ಈಗಲೂ ಭಾನುವಾರ ಭಾನುವಾರ ಬರುತ್ತಾಳೆ. ಫ್ರಿಜ್ಜು ಒರೆಸುತ್ತಾಳೆ, ಮಾತ್ರೆ ಮುಗಿದಿದೆಯೇ ನೋಡುತ್ತಾಳೆ, ಉರಿದುಹೋದ ಬಲ್ಬು ಬದಲಿಸುತ್ತಾಳೆ. ಸಂಗೀತದ ಸುದ್ದಿ ಎತ್ತಿದರೆ ಮಾತ್ರ ಬಾಯಿಗೆ ಬೀಗ. "ಮುನಿಸು," ಎಂದು ಮೇಷ್ಟ್ರು ತಮ್ಮನ ಬಳಿ ಹೇಳಿಕೊಳ್ಳುತ್ತಿದ್ದರು. "ಸತ್ಯ ಹೇಳಿದ್ರೆ ಮಗಳಿಗೂ ಆಗಲ್ಲ ನೋಡು." ಆದರೂ ಅವರೊಳಗೆ ಒಂದು ಹಟ ಉಳಿದೇ ಇತ್ತು. ಒಂದಲ್ಲ ಒಂದು ದಿನ ಅವಳ ಬಾಯಿಂದಲೇ, ಅಪ್ಪಾ ನಿನ್ನದೇ ಸರಿ ಎನ್ನಿಸಬೇಕು. ಅದೊಂದು ಮಾತು ಕೇಳಿಬಿಟ್ಟರೆ ಅವರಿಗೆ ಬೇರೇನೂ ಬೇಕಿರಲಿಲ್ಲ.

ಆ ದಿನ ಹತ್ತಿರ ಬಂದಂತೆಯೂ ಕಂಡಿತು. ಈ ಸಲದ ಕಾರ್ಯಕ್ರಮವನ್ನು ರೇಡಿಯೋದವರು ಧ್ವನಿಮುದ್ರಿಸಿಕೊಳ್ಳುತ್ತೇವೆ ಎಂದರು. ಮೇಷ್ಟ್ರು ನೆಲದ ಮೇಲೆ ನಿಲ್ಲಲಿಲ್ಲ. ತಮ್ಮ ಗತಿ ಇನ್ನು ಶಾಶ್ವತ, ಯಾರು ಬೇಕಾದರೂ ಕೇಳಿ ತೀರ್ಮಾನಿಸಲಿ. ಮಗಳಿಗೂ ಬರಲು ಹೇಳಿದರು. "ನೋಡೋಣ," ಎಂದು ಅವಳು ಬಲ್ಬು ತಿರುಗಿಸುತ್ತಾ ಹೇಳಿದಳು.

ಅಷ್ಟರಲ್ಲಿ ಹಲ್ಲಿನ ಡಾಕ್ಟರು ಮಗನ ಊರಿಗೆ ಹೊರಟುಹೋದರು. ಅವರ ಜಾಗಕ್ಕೆ ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆಯುವ ಒಬ್ಬಾಕೆ ಸಿಕ್ಕಳು. ನಲವತ್ತರ ಆಸುಪಾಸಿನ ಹೆಂಗಸು, ಒಳ್ಳೆಯ ಕೈ, ಒಳಗೊಂದು ಹೊರಗೊಂದು ಗೊತ್ತಿಲ್ಲದ ಬಾಯಿ. ಮೊದಲ ಅಭ್ಯಾಸದ ಸಂಜೆ ತಮ್ಮ ಎಂದಿನಂತೆ ಉಸಿರೆಳೆದು, ಗಲ್ಲ ಆಡಿಸಿ ಗತಿ ಕೊಟ್ಟ. ಎಕ್ಸ್‌ರೇ ಹೆಂಗಸು ಎರಡು ಸಾಲು ಮುಗಿಯುವ ಮೊದಲೇ ಎಲ್ಲರನ್ನೂ ಹಿಂದೆ ಬಿಟ್ಟು ಮುಂದೆ ಹೋಗಿದ್ದಳು.

"ಕ್ಷಮಿಸಿ," ಎಂದು ಕಮಾನು ಇಳಿಸಿದಳು. "ನಾನು ಬರೆದಿರೋ ಹಾಗೆ ಕಲ್ತುಕೊಂಡು ಬಂದೆ."

ಮೇಷ್ಟ್ರು ಖುಷಿಯಿಂದ ಕುರ್ಚಿ ಮುಂದೆಳೆದುಕೊಂಡು ದುಃಖ, ಗಡಿಯಾರ, ಕುಂಟುವುದು, ಎಲ್ಲವನ್ನೂ ಮೊದಲಿನಿಂದ ಹೇಳಿದರು. ಆಕೆ ಗಮನವಿಟ್ಟು ಕೇಳಿದಳು. ಕೇಳಿ, "ಒಂದೇ ಒಂದು ಸಲ ಬರೆದಿರೋ ಹಾಗೆ ನುಡಿಸೋಣ ಮೇಷ್ಟ್ರೇ. ಆಮೇಲೆ ನಿಮ್ಮ ಥರಾನೇ. ವ್ಯತ್ಯಾಸ ನನಗೂ ಗೊತ್ತಾಗಬೇಕಲ್ಲ," ಎಂದಳು.

"ಬೇಡ ಬೇಡ," ತಮ್ಮ ಗಡಿಬಿಡಿಯಿಂದ ಎದ್ದ. "ಹೊತ್ತಾಯ್ತು. ನಾಳೆ ಕೊಡೋ ಕೋಟುಗಳಿವೆ ನನಗೆ."

"ಕೂತ್ಕೊಳ್ಳೋ," ಎಂದರು ಮೇಷ್ಟ್ರು. "ನುಡಿಸೋಣ. ಎಷ್ಟು ಚಿಲ್ಲರೆಯಾಗಿ ಕೇಳುತ್ತೆ ಅಂತ ಇವರಿಗೂ ತಿಳೀಲಿ."

ತಮ್ಮ ತನ್ನ ಹೆಂಡತಿಯ ಮುಖ ನೋಡಿದ, ಅವಳು ಹಾಳೆ ನೋಡಿದಳು. ಬೇರೆ ದಾರಿಯಿಲ್ಲದೆ ನುಡಿಸಿದರು. ಚಿಲ್ಲರೆಯಾಗಿ ಕೇಳಲಿಲ್ಲ. ಮೊದಲ ಸಾಲಿನಲ್ಲೇ ಮೇಷ್ಟ್ರ ಮೈ ಜುಂ ಎಂದಿತು. ವರ್ಷಗಟ್ಟಲೆ ಒಂದೊಂದಾಗಿ ಬಿದ್ದುಕೊಂಡಿದ್ದ ಸ್ವರಗಳು ಎದ್ದು ಕೂಡಿಕೊಂಡು ಒಂದು ಮಾತಾದವು, ಮಾತು ಮುಂದಿನ ಮಾತನ್ನು ಕರೆಯಿತು. ಥೂ, ಚೆನ್ನಾಗಿದೆಯಲ್ಲ ಇದು, ಎಂದು ಅವರ ಮನಸ್ಸು ಅವರ ಅಪ್ಪಣೆ ಕೇಳದೆ ಅಂದುಬಿಟ್ಟಿತು. ಆಮೇಲೆ ಆ ಮೇಲೇರುವ ಭಾಗ ಬಂತು. ವಿಯೋಲಾ ಏರಿತು. ಸೆಲ್ಲೋ ಅರ್ಧಕ್ಕೆ ಜಾರಿ ಬಿತ್ತು. ಮೇಷ್ಟ್ರು ಕೆಮ್ಮಿ, ಮತ್ತೊಮ್ಮೆ ಎಂದರು. ಮತ್ತೆ ಅಲ್ಲೇ ಬಿತ್ತು. ಇನ್ನೊಮ್ಮೆ ಎಂದರು. ಹಲ್ಲು ಕಚ್ಚಿ ನುಡಿಸಿದರೂ ಕಿರುಬೆರಳು ಏಳಲೇ ಇಲ್ಲ.

"ಆ ಬೆರಳು ಯಾವಾಗಿಂದ ಹೀಗಿದೆ ಮೇಷ್ಟ್ರೇ?" ಎಕ್ಸ್‌ರೇ ಹೆಂಗಸು ಬಗ್ಗಿ ನೋಡಿದಳು. "ಗೆಣ್ಣು ನೋಡಿ ಹೇಗಾಗಿದೆ. ದಿನಾ ಇಂಥ ಕೈಗಳನ್ನೇ ನೋಡೋದು ನಾನು." ಆಮೇಲೆ, ಯಾವ ಕುಹಕವೂ ಇಲ್ಲದೆ, ಅರ್ಥವಾದ ಸಮಾಧಾನದಲ್ಲಿ, "ಓ! ಅದಕ್ಕೇನಾ ನಿಧಾನ? ಮೊದ್ಲೇ ಹೇಳಬಾರದಿತ್ತಾ, ನಾನೂ ನಿಧಾನಕ್ಕೇ ಕಲ್ತು ಬರ್ತಿದ್ದೆ," ಎಂದಳು.

ಮೇಷ್ಟ್ರು ನಕ್ಕರು. "ಹೇಳೋ ಇವರಿಗೆ," ಎಂದು ತಮ್ಮನತ್ತ ತಿರುಗಿದರು. "ನಾವ್ಯಾಕೆ ನಿಧಾನ ನುಡಿಸ್ತೀವಿ ಅಂತ ಹೇಳು."

ತಮ್ಮ ಒಂದು ಕೋಟಿನ ತೋಳು ಸರಿಮಾಡುತ್ತಿದ್ದ. "ಬಿಡಣ್ಣ," ಎಂದ.

"ಹೇಳೋ!"

"ಸಾಕು ಭಾವ," ಎಂದಳು ನಾದಿನಿ. ಪಿಟೀಲನ್ನು ಮಡಿಲಲ್ಲಿಟ್ಟುಕೊಂಡಳು. "ನನ್ನ ಭುಜ ಬಿದ್ದುಹೋಗಿದೆ, ಇನ್ನು ನನ್ನ ಕೈಲಿ ಆಗಲ್ಲ. ನಿಮ್ಮ ಬೆರಳು ಓಡಲ್ಲ ಅಂತಾನೇ ನಾವು ನಡೆದುಕೊಂಡು ಬಂದದ್ದು. ಪ್ರತಿ ವರ್ಷ ಅದು ಇನ್ನಷ್ಟು ಬಿಗಿಯಾಯ್ತು, ನಾವು ಇನ್ನಷ್ಟು ನಿಧಾನ ಆದ್ವಿ. ಹಲ್ಲಿನ ಡಾಕ್ಟರಿಗೂ ಗೊತ್ತಿತ್ತು. ನಿಮಗೊಬ್ಬರಿಗೇ ಗೊತ್ತಿರಲಿಲ್ಲ."

ಮೇಷ್ಟ್ರ ಕಿವಿಯವರೆಗೆ ರಕ್ತ ಏರಿತು. "ಅಂದ್ರೆ ಇಷ್ಟು ವರ್ಷ ನನಗೆ ಭಿಕ್ಷೆ ಹಾಕ್ತಾ ಬಂದ್ರಾ ನೀವೆಲ್ಲ?"

"ಭಿಕ್ಷೆ ಅಲ್ಲಣ್ಣ," ತಮ್ಮ ಕೋಟು ಬಿಟ್ಟು ಇತ್ತ ತಿರುಗಿದ. "ಆ ಒಂದು ವರ್ಷ ದಾಟಿದ್ರೆ ಸಾಕು, ಬೆರಳು ಸರಿಹೋಗುತ್ತೆ ಅಂದ್ಕೊಂಡಿದ್ವಿ. ನೀನೇ ಅದನ್ನ ಶಾಸ್ತ್ರ ಮಾಡಿಬಿಟ್ಟೆ. ಆಮೇಲೆ ಯಾವ ಬಾಯಲ್ಲಿ ಹೇಳಲಿ?"

"ಯಾರ ತಲೆಯಿಂದ ಬಂತು ಈ ನಾಟಕ? ನಿನ್ನದಾ?"

ನಾದಿನಿಯೇ ಹೇಳಿದಳು. "ನಿಮ್ಮ ಮಗಳದ್ದು. ಒಂದು ದಿನ ಅಂಗಡಿಗೆ ಬಂದು, ಅಪ್ಪನ ಬೆರಳು ಏಳ್ತಿಲ್ಲ ಚಿಕ್ಕಪ್ಪ, ಸ್ವಲ್ಪ ನಿಧಾನ ನುಡಿಸಿ, ಅಪ್ಪನಿಗೆ ಮಾತ್ರ ಹೇಳಬೇಡಿ ಅಂತ ನಮ್ಮಿಬ್ಬರ ಕೈಲೂ ಆಣೆ ಹಾಕಿಸ್ಕೊಂಡು ಹೋದಳು. ಅವಳ ಪರೀಕ್ಷೆಗೆ ಮುಂಚಿನ ವರ್ಷ."

ಮೇಷ್ಟ್ರು ಸೆಲ್ಲೋವನ್ನು ಅಲ್ಲೇ ಕೋಟುಗಳಿಗೆ ಒರಗಿಸಿ ಎದ್ದು ಹೋದರು. ರಾತ್ರಿಯಿಡೀ ಅವರ ತಲೆಯಲ್ಲಿ ಒಂದೇ ಮಾತು ಕೊರೆಯಿತು. ಪರೀಕ್ಷೆಯ ದಿನ ಅವಳಿಗೆ ಎಲ್ಲ ಗೊತ್ತಿತ್ತು. ಎದೆ ಇಲ್ಲ ಎಂದು ತಾವು ಹೇಳುವಾಗ ಅವಳು ಎದುರಿಗೆ ಕೂತು, ಅಪ್ಪನ ಬೆರಳನ್ನೇ ನೋಡುತ್ತಾ ಕೇಳಿಸಿಕೊಂಡಿದ್ದಳು.

ಬೆಳಗ್ಗೆ ಕನ್ನಡಕದಂಗಡಿ ತೆರೆಯುವ ಹೊತ್ತಿಗೆ ಮೇಷ್ಟ್ರು ಬಾಗಿಲಲ್ಲಿದ್ದರು. ಮಗಳು ಒಬ್ಬ ಗಿರಾಕಿಯ ಮೂಗಿನ ಮೇಲೆ ಹೊಸ ಕನ್ನಡಕ ಕೂರಿಸಿ, ತೆಗೆದು, ಕಿವಿಯ ಕಡ್ಡಿಯನ್ನು ಬಿಸಿಗಾಳಿಗೆ ಹಿಡಿದು ಕೂದಲೆಳೆಯಷ್ಟು ಬಗ್ಗಿಸಿ, ಮತ್ತೆ ಕೂರಿಸುತ್ತಿದ್ದಳು. ಅಪ್ಪನನ್ನು ಕಂಡು ಹುಬ್ಬೇರಿಸಿದಳು. ಅವಳು ಆ ಕೆಲಸ ಮುಗಿಸುವ ತನಕ ಮೇಷ್ಟ್ರು ಗೋಡೆಯ ತುಂಬ ಸಾಲಾಗಿದ್ದ ಖಾಲಿ ಫ್ರೇಮುಗಳ ಮುಂದೆ ನಿಂತಿದ್ದರು. ಗಿರಾಕಿ ಹೊರಗೆ ಹೋದ.

"ನಿನ್ನ ಚಿಕ್ಕಮ್ಮ ಹೇಳಿದಳು," ಎಂದರು.

ಏನು ಎಂದು ಅವಳು ಕೇಳಲಿಲ್ಲ. "ಹೇಳಬಾರದಿತ್ತು," ಎಂದಳು.

"ಅವತ್ತು ಪರೀಕ್ಷೇಲಿ ನೀನು ನಮ್ಮ ಥರ ನಿಧಾನ ನುಡಿಸಿದ್ರೆ..."

"ಕೆಲಸ ಸಿಗ್ತಿತ್ತು. ಗೊತ್ತಿತ್ತು."

"ಮತ್ತೆ ಯಾಕಮ್ಮಾ?"

"ನಿನ್ನ ಬೆರಳಿನ ನೋವನ್ನ ನಾನ್ಯಾಕಪ್ಪಾ ನುಡಿಸಲಿ?" ಸಣ್ಣ ಸ್ಕ್ರೂಗಳ ಡಬ್ಬಿಯನ್ನು ಮುಚ್ಚಿದಳು. "ನನ್ನ ಬೆರಳು ಚೆನ್ನಾಗಿತ್ತಲ್ಲ. ನೀನೇ ಹೇಳಿದ್ಯಲ್ಲ ಎಲ್ಲರ ಮುಂದೆ."

ಮೇಷ್ಟ್ರು ಕೌಂಟರಿನ ಹತ್ತಿರ ಬಂದರು. "ಒಂದು ಮಾತು ಹೇಳಬಹುದಿತ್ತಲ್ಲೇ ನನಗೆ. ಅವತ್ತು ಅಲ್ಲೇ ಹೇಳಿಬಿಡಬಹುದಿತ್ತಲ್ಲ, ಅಪ್ಪಾ ನಿನ್ನ ಕೈ ಹೋಗಿದೆ ಅಂತ."

"ಹೇಳಿದ್ರೆ ಅವತ್ತೇ ನೀನು ಸೆಲ್ಲೋ ಕೆಳಗಿಡ್ತಿದ್ದೆ. ಆಮೇಲೆ ಏನು ಮಾಡ್ತಿದ್ದೆ ಹೇಳು? ನಿನಗೆ ಬೇರೆ ಏನು ಬರುತ್ತೆ?" ಅವಳ ದನಿ ಏರಲಿಲ್ಲ. ಏರಿದ್ದರೆ ಮೇಷ್ಟ್ರಿಗೆ ಹಗುರಾಗುತ್ತಿತ್ತು. "ಇಬ್ಬರಲ್ಲಿ ಒಬ್ಬರು ಇಡಬೇಕಿತ್ತು. ನಾನಿಟ್ಟೆ. ನೀನು ಅಂಥ ಮಾತು ಆಡ್ತೀಯ ಅಂತ ಗೊತ್ತಿದ್ದಿದ್ರೆ ಚಿಕ್ಕಪ್ಪನ ಕೈಲಿ ಆಣೆ ಹಾಕಿಸ್ತಿದ್ನೋ ಇಲ್ವೋ, ನನಗೂ ಗೊತ್ತಿಲ್ಲ. ಎಷ್ಟು ಸಲ ನಿನ್ನ ಮುಖಕ್ಕೆ ಹೇಳಿಬಿಡೋಣ ಅಂತ ಭಾನುವಾರ ಬಂದಿದ್ದೀನಿ. ನೀನು ಬಾಗಿಲು ತೆಗೆಯುವಾಗ ಆ ಬೆರಳು ಕಾಣೋದು. ಫ್ರಿಜ್ಜು ಒರೆಸಿ ಹೋಗ್ತಿದ್ದೆ."

ಬೀದಿಯಲ್ಲಿ ಯಾರೋ ಶಟರು ಎತ್ತಿದ ಸದ್ದು. ಮೇಷ್ಟ್ರು ಎರಡೂ ಕೈಗಳಿಂದ ಗಾಜಿನ ಕೌಂಟರನ್ನು ಹಿಡಿದುಕೊಂಡರು. ಜೀವಮಾನದಲ್ಲಿ ಯಾರನ್ನೂ ಬೇಡಿಕೊಂಡ ಮನುಷ್ಯನಲ್ಲ, ಬೇಡುವುದು ಹೇಗೆಂದೂ ಗೊತ್ತಿರಲಿಲ್ಲ, ಬಾಯಿಗೆ ಬಂದಂತೆ ಹೇಳಿದರು. "ಶನಿವಾರ ರೇಡಿಯೋದವರು ಬರ್ತಾರೆ. ನನ್ನ ಕುರ್ಚಿಲಿ ನೀನು ಕೂತ್ಕೋ. ಬರೆದಿರೋ ಹಾಗೆ ನುಡಿಸು, ನಿನ್ನ ಥರ. ಎಲ್ಲರ ಮುಂದೆ ಹೇಳ್ತೀನಿ ನಾನು, ನನ್ನದೇ ತಪ್ಪು, ನನ್ನ ಮಗಳದ್ದೇ ಸರಿ ಅಂತ. ನಿನ್ನ ಸೆಲ್ಲೋ ಹಾಗೇ ಇದೆ ಕಣಮ್ಮಾ, ತಂತಿ ಬದಲಾಯಿಸಿ ಕೊಡ್ತೀನಿ ಇವತ್ತೇ."

ಮಗಳು ಎಡಗೈಯನ್ನು ಕೌಂಟರಿನ ಮೇಲೆ ಅಂಗಾತ ಇಟ್ಟಳು.

"ಮುಟ್ಟಿ ನೋಡು," ಎಂದಳು.

ಮೇಷ್ಟ್ರು ಅವಳ ಬೆರಳ ತುದಿಗಳನ್ನು ಮುಟ್ಟಿದರು. ತಂತಿ ಒತ್ತಿ ಒತ್ತಿ ಜಡ್ಡುಗಟ್ಟಿದ್ದ ಚರ್ಮ ಎಲ್ಲಿಯೂ ಇರಲಿಲ್ಲ. ಮಗುವಿನ ಬೆರಳಿನಷ್ಟು ಮೆತ್ತಗಿದ್ದವು.

"ಕಾರ್ಯಕ್ರಮಕ್ಕೆ ಬರ್ತೀನಿ," ಎಂದು ಅವಳು ಕೈ ಹಿಂದಕ್ಕೆ ತೆಗೆದುಕೊಂಡಳು. "ಹಿಂದಿನ ಸಾಲಲ್ಲಿ ಕೂತಿರ್ತೀನಿ. ಹೋಗು, ನೀನೇ ನುಡಿಸು. ಎಷ್ಟು ನಿಧಾನ ಬೇಕೋ ಅಷ್ಟು ನಿಧಾನ ನುಡಿಸು. ಈಗ ಅಷ್ಟು ನಿಧಾನಕ್ಕೂ ನನ್ನ ಕೈಲಿ ಆಗಲ್ಲ ಅಪ್ಪಾ."